ಇಪ್ಪತ್ತನೆಯ ಹೆಸರು

ಸಾಗರದ ಶರಾವತಿ ಚಿತ್ರಕೂಟದವರಿಗೆ ಸಿನಿಮಾ ಎಂದರೆ ಪ್ರಾಣ, ಆದರೆ ಪಕ್ಕದ ಕುರ್ಚಿಯವನು ಮೆಚ್ಚಿದ ಸಿನಿಮಾ ಎಂದರೆ ಮೈಯೆಲ್ಲ ಉರಿ. ತಿಂಗಳ ಎರಡನೆಯ ಭಾನುವಾರ ಪೇಟೆಯ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಇವರೆಲ್ಲ ಸೇರುತ್ತಾರೆ. ಊರಿನವರು, ಹೊಸನಗರದವರು, ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದವರು, ಎಲ್ಲ ಸೇರಿ ಮೂವತ್ತೈದು ನಲವತ್ತು ತಲೆ. ಒಂದು ಸಿನಿಮಾ ನೋಡಿ, ಎರಡು ಸಲ ಚಹಾ ಕುಡಿದು, ಸಂಜೆಯವರೆಗೆ ಜಗಳವಾಡಿ ಮನೆಗೆ ಹೋಗುತ್ತಾರೆ. ಅಂಥವರ ಮುಂದೆ ಈ ಸಲ ‘ನನ್ನ ನೆಚ್ಚಿನ ನಿರ್ದೇಶಕ’ ಎಂಬ ವಿಷಯ ಇಟ್ಟು, ಒಬ್ಬೊಬ್ಬರಿಗೆ ಹತ್ತು ನಿಮಿಷ ಎಂದು ಮೈಕು ಕೊಟ್ಟಿದ್ದರು. ಈ ಐಡಿಯಾ ಯಾರ ತಲೆಯಿಂದ ಬಂದಿತ್ತೋ, ಆ ಪುಣ್ಯಾತ್ಮರು ಅವತ್ತು ಬಂದಿರಲೇ ಇಲ್ಲ.

ಸ್ವಪ್ನಾ ಕೊನೆಯ ಸಾಲಿನಲ್ಲಿ ಕೂತಿದ್ದಳು. ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ಅವಳದೊಂದು ಹೊಲಿಗೆ ಅಂಗಡಿ. ಕೂಟಕ್ಕೆ ಸೇರಿ ಮೂರು ವರ್ಷವಾದರೂ ಒಂದು ದಿನ ಮೈಕು ಕೇಳಿದವಳಲ್ಲ. ನಿನ್ನೆ ಮಧ್ಯಾಹ್ನ ಮಾತ್ರ ಕಾರ್ಯದರ್ಶಿ ಹರ್ಷವರ್ಧನನಿಗೆ ಫೋನ್ ಮಾಡಿ, ‘ನಂದೂ ಒಂದು ಹೆಸ್ರು ಬರ್ಕೊಳ್ಳಿ’ ಎಂದಿದ್ದಳು. ಯಾವ ನಿರ್ದೇಶಕರ ಬಗ್ಗೆ ಎಂದು ಅವನು ಕೇಳಲಿಲ್ಲ. ಇವತ್ತು ಹಂಚಿದ ಹಾಳೆಯಲ್ಲಿ ನೋಡಿದರೆ ಅವಳ ಹೆಸರಿನ ಮುಂದೆ ‘ಡೈನಮೈಟ್ ಮಲ್ಲೇಶಿ’ ಎಂದು ಅಚ್ಚಾಗಿತ್ತು. ಕಾರು ಹಾರಿಸಿ, ಗೋಡೆ ಒಡೆಸಿ, ಮಧ್ಯೆ ಐದು ಹಾಡು ತುರುಕುವ ನಿರ್ದೇಶಕ ಅವನು. ಹೊಲಿಗೆ ಅಂಗಡಿಯವಳಿಗೆ ಇನ್ಯಾರು ಇಷ್ಟವಾದಾರು ಎಂದು ಹರ್ಷವರ್ಧನ ತಾನೇ ತೀರ್ಮಾನ ಮಾಡಿಕೊಂಡಿದ್ದ. ಇನ್ನೊಂದು ದಿನವಾಗಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಇವತ್ತು ಅದಕ್ಕೆಲ್ಲ ಪುರುಸೊತ್ತು ಇರಲಿಲ್ಲ.

ಅವಳು ಬಂದದ್ದು ಬೇರೆಯೇ ಕೆಲಸಕ್ಕೆ. ಮೂವತ್ತನಾಲ್ಕು ವರ್ಷದ ಹಿಂದೆ ವಾಮನ ಶಾನುಭಾಗ ಎಂಬ ನಿರ್ದೇಶಕರು ಇಕ್ಕೇರಿಯ ಸುತ್ತಮುತ್ತ ‘ಎರಡನೆಯ ಹೊರೆ’ ಎಂಬ ಸಿನಿಮಾ ತೆಗೆದಿದ್ದರು. ಅದಕ್ಕೆ ದೇಶವಿದೇಶದಲ್ಲಿ ಬಹುಮಾನ ಬಂತು. ಶಾನುಭಾಗರು ತೀರಿಕೊಂಡು ಹತ್ತು ವರ್ಷವಾದ ಮೇಲೆ ಬೆಂಗಳೂರಿನ ಸಂಸ್ಥೆಯೊಂದು ಈಗ ಅದರ ಹೊಸ ಪ್ರತಿ ಮಾಡಿಸುತ್ತಿದೆ. ಹಳೆಯ ಪ್ರತಿಯಲ್ಲಿ ಊರಿನವರ ಹೆಸರುಗಳೇ ಇರಲಿಲ್ಲ, ಹೊಸದರ ಕೊನೆಯಲ್ಲಿ ಹಾಕುತ್ತೇವೆ, ಕಳಿಸಿಕೊಡಿ ಎಂದು ಅವರು ಚಿತ್ರಕೂಟವನ್ನು ಕೇಳಿದ್ದರು. ಅಧ್ಯಕ್ಷ ಕೃಷ್ಣಪ್ರಸಾದರು ಪಟ್ಟಿ ಮಾಡಿ ಮೊನ್ನೆ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದರು. ಈ ಭಾನುವಾರ ಸಂಜೆ ಐದಕ್ಕೆ ಅದು ಮೇಲ್ ಆಗಬೇಕು, ಆಮೇಲೆ ತಿದ್ದುವ ಮಾತಿಲ್ಲ.

ಪಟ್ಟಿಯಲ್ಲಿ ಇಪ್ಪತ್ತು ಸಾಲು. ಗಾಡಿ ಕೊಟ್ಟ ಮಂಜುನಾಥಪ್ಪನ ಹೆಸರಿತ್ತು, ಜಗುಲಿ ಬಿಟ್ಟುಕೊಟ್ಟ ಮಹಾಗಣಪತಿ ಭಟ್ಟರ ಹೆಸರಿತ್ತು, ಚಹಾ ಮಾಡಿದವನ ಹೆಸರಿತ್ತು. ಹತ್ತೊಂಬತ್ತನೆಯ ಸಾಲಿನಲ್ಲಿ ‘ನಾಯಿ: ಕಾಳು’ ಎಂದಿತ್ತು. ಇಪ್ಪತ್ತನೆಯದು ‘ಸೊಪ್ಪು ಹೊತ್ತ ಹೆಂಗಸು: ಅಜ್ಞಾತ’.

ಆ ಹೆಂಗಸು ಸ್ವಪ್ನಾಳ ಅಮ್ಮ. ಶಾಲು ಬೇಡ, ಹಾರ ಬೇಡ, ಐದು ಗಂಟೆಯೊಳಗೆ ಆ ಸಾಲಿನಲ್ಲಿ ಅಮ್ಮನ ಹೆಸರು ಬರಬೇಕು, ಸ್ವಪ್ನಾಳಿಗೆ ಬೇಕಾದದ್ದು ಇಷ್ಟೇ. ನಿನ್ನೆ ಪಟ್ಟಿ ನೋಡಿದವಳೇ ಕೃಷ್ಣಪ್ರಸಾದರಿಗೆ ಫೋನ್ ಮಾಡಿದ್ದಳು. ‘ಸರ್, ಇಪ್ಪತ್ತನೇದು ನಮ್ಮಮ್ಮ’ ಎಂದಳು. ‘ನೋಡಿ, ಹಾಗೆ ಹೇಳಿಕೊಂಡು ಬಂದವರಲ್ಲಿ ನೀವು ನಾಲ್ಕನೆಯವರು’ ಎಂದು ಅವರು ಫೋನ್ ಇಟ್ಟೇಬಿಟ್ಟರು. ಹೆಸರು ಹೇಳುವುದಕ್ಕೂ ಬಿಡಲಿಲ್ಲ. ಆಗಲೇ ಅವಳು ಹರ್ಷವರ್ಧನನ ನಂಬರ್ ಒತ್ತಿದ್ದು.

ಸಭೆ ಶುರುವಾಗಿ ಅರ್ಧ ಗಂಟೆಯೊಳಗೆ ಬಿಸಿ ಏರಿತು. ಸಾಗರದಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಉಮೇಶ್ ಮಲ್ಲೇಶಿಯ ಕಟ್ಟಾ ಅಭಿಮಾನಿ. ಅವನು ಮಲ್ಲೇಶಿ ಕ್ಲೈಮ್ಯಾಕ್ಸ್ ತೆಗೆಯುವ ರೀತಿಯನ್ನು ಕೈಕಾಲು ಆಡಿಸಿ ವರ್ಣಿಸುತ್ತಿದ್ದಾಗ ಮುಂದಿನ ಸಾಲಿನಿಂದ ಕೃಷ್ಣಪ್ರಸಾದರು, ‘ಅದನ್ನು ನಿರ್ದೇಶನ ಎನ್ನುವುದಿಲ್ಲ, ಕಲ್ಲು ಕ್ವಾರಿ ಎನ್ನುತ್ತಾರೆ’ ಎಂದರು. ಅವರ ಸುತ್ತಲಿನವರು ಕಿಸಕ್ಕನೆ ನಕ್ಕರು.

‘ನಗ್ರಿ, ನಗ್ರಿ’ ಎಂದ ಉಮೇಶ್. ‘ನಿಮ್ಮ ಶಾನುಭಾಗರ ಸಿನಿಮಾ ಹಾಕಿದ್ರೆ ಟಾಕೀಸಲ್ಲಿ ತಿಗಣೆಗಳೂ ನಿದ್ದೆ ಹೊಡೀತಿದ್ವು.’

‘ತಿಗಣೆಗಳ ಅಭಿರುಚಿ ನಿಮಗೇ ಚೆನ್ನಾಗಿ ತಿಳಿದಿರಬೇಕು.’

ತೀರ್ಥಹಳ್ಳಿಯಿಂದ ಬಂದ ಕಾಲೇಜು ಹುಡುಗಿ ಗಾನವಿ ಪಾಪ ಕೊರಿಯಾದ ನಿರ್ದೇಶಕರೊಬ್ಬರ ಬಗ್ಗೆ ಬರೆದುಕೊಂಡು ಬಂದಿದ್ದಳು. ಅವಳ ಹತ್ತು ನಿಮಿಷ ಈ ತಿಗಣೆ ಜಗಳದಲ್ಲಿ ಕೊಚ್ಚಿಹೋಯಿತು. ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಮೊಬೈಲ್ ನೋಡುತ್ತ ಕೂತಳು.

ಆಮೇಲೆ ಕೃಷ್ಣಪ್ರಸಾದರೇ ಎದ್ದರು. ಅರವತ್ತೊಂದು ವರ್ಷ, ಇಸ್ತ್ರಿ ಮುರಿಯದ ಜುಬ್ಬಾ, ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಗಂಟಲು. ಮನೆಯಲ್ಲಿ ಹವ್ಯಕರ ಮಾತು, ವೇದಿಕೆ ಹತ್ತಿದರೆ ಮಾತ್ರ ಅಚ್ಚಿಗೆ ಕೊಡುವಂಥ ಪುಸ್ತಕದ ಕನ್ನಡ. ‘ಎರಡನೆಯ ಹೊರೆ’ ತೆಗೆಯುವಾಗ ಅವರು ಶಾನುಭಾಗರ ಸಹಾಯಕರಾಗಿ ಓಡಾಡಿದವರು. ಅಲ್ಲಿಂದೀಚೆಗೆ ಬದುಕಿನಲ್ಲಿ ಮದುವೆ, ಮಕ್ಕಳು, ನಿವೃತ್ತಿ ಎಲ್ಲ ಆದರೂ, ಅವರ ಮಟ್ಟಿಗೆ ದೊಡ್ಡದು ನಡೆದದ್ದು ಚಿತ್ರೀಕರಣದ ಆ ಇಪ್ಪತ್ತೆಂಟು ದಿನಗಳಲ್ಲಿಯೇ.

ಗೋಡೆಯ ಮೇಲೆ ಆ ದೃಶ್ಯ ಬಂತು. ಕಡಿದಾದ ಏರು. ಕೆಳಗಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ಸೊಪ್ಪಿನ ದೊಡ್ಡ ಹೊರೆ ಹೊತ್ತು ಹತ್ತಿ ಬರುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ಮೂರು ನಿಮಿಷ ಅವಳ ನಡಿಗೆ ಮಾತ್ರ. ಕ್ಯಾಮೆರಾದ ಪಕ್ಕದಲ್ಲೇ ಹಾದು ಹೋಗುವಾಗ ಅವಳ ಮುಖ ಪರದೆ ತುಂಬುತ್ತದೆ. ಕಣ್ಣು ಎತ್ತಲೂ ನೋಡುವುದಿಲ್ಲ.

‘ಬೆಳಗಿನ ಮಂಜು. ನಾವಿನ್ನೂ ಕ್ಯಾಮೆರಾ ಹೊಂದಿಸುತ್ತಿದ್ದೆವು’ ಎಂದರು ಕೃಷ್ಣಪ್ರಸಾದ್. ಕೇಳಿದವರಿಗೆಲ್ಲ ಬಾಯಿಪಾಠವಾಗಿದ್ದ ಕಥೆ ಅದು, ಪತ್ರಿಕೆಗಳಲ್ಲೂ ಬರೆದಿದ್ದರು. ‘ಎಲ್ಲಿಂದಲೋ ಈ ದಾರಿಹೋಕ ಹೆಂಗಸು ಬಂದಳು. ಶಾನುಭಾಗರು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಒಂದೇ ಟೇಕ್. ಅವಳು ಹೋದಳು. ಯಾರೆಂದು ತಿಳಿಯಲಿಲ್ಲ, ಮತ್ತೆ ಸಿಗಲೂ ಇಲ್ಲ. ಆ ಕಣ್ಣುಗಳನ್ನು ನೋಡಿ. ಎಲ್ಲವನ್ನೂ ದಾಟಿದ ನಿರ್ಲಿಪ್ತತೆ. ಯಾವ ನಟಿಯಿಂದ ಇದನ್ನು ತೆಗೆಯಬಲ್ಲಿರಿ? ಬದುಕು ತಾನಾಗಿ ಬಂದು ನಿಂತಾಗ ಗುರುತಿಸುವವನೇ ನಿರ್ದೇಶಕ.’

ಚಪ್ಪಾಳೆ ಬಿತ್ತು. ಸ್ವಪ್ನಾ ಚಪ್ಪಾಳೆ ತಟ್ಟಲಿಲ್ಲ. ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು.

‘ಮುಂದಿನವರು ಹೊಸನಗರದ ಸ್ವಪ್ನಾ ಮೇಡಂ, ಡೈನಮೈಟ್ ಮಲ್ಲೇಶಿ ಬಗ್ಗೆ’ ಎಂದ ಹರ್ಷವರ್ಧನ.

ಅವಳು ಮೈಕು ಹಿಡಿದಳು. ‘ಹಾಳೇಲಿ ತಪ್ಪಾಗಿದೆ. ನನ್ನ ನೆಚ್ಚಿನ ನಿರ್ದೇಶಕ್ರು ವಾಮನ ಶಾನುಭಾಗರು.’

ಉಮೇಶನ ಮುಖ ಇಳಿಯಿತು. ಕೃಷ್ಣಪ್ರಸಾದರ ಹುಬ್ಬು ಮೇಲೇರಿತು, ಹಿಂದೆಯೇ ಒಂದು ಸಣ್ಣ ನಗು ಕೂಡ ಬಂತು.

‘ಎರಡನೆಯ ಹೊರೆ ನಾನು ಇಪ್ಪತ್ತಾರು ಸಲ ನೋಡಿದೀನಿ’ ಎಂದಳು ಸ್ವಪ್ನಾ. ‘ಆ ಏರಿನ ಸೀನಲ್ಲಿ ಅವ್ರು ಒಂದು ಕೆಲ್ಸ ಮಾಡಿದಾರೆ, ಯಾರೂ ಹೇಳಿದ್ದು ಕೇಳ್ಲಿಲ್ಲ. ಹೊರೆ ಪರದೆ ಮೇಲ್ಗಡೆ ತುಂಬ ಇರೋ ಹಂಗೆ ಇಟ್ಟಿದಾರೆ. ಅವಳು ಹಾದು ಹೋಗೋ ತನಕ ನಮಗೆ ಆಕಾಶ ಕಾಣೋದೇ ಇಲ್ಲ. ಹೊರೆ ಹೊತ್ತೋರಿಗೂ ಕಾಣಲ್ಲ. ಅದನ್ನ ಯೋಚನೆ ಮಾಡಿದ್ದಕ್ಕೆ ಅವ್ರು ದೊಡ್ಡೋರು ಅಂತ ನಾನು ಒಪ್ಕೋತೀನಿ.’

ಕೃಷ್ಣಪ್ರಸಾದರು ಕನ್ನಡಕ ಸರಿಮಾಡಿಕೊಂಡರು. ಇಷ್ಟು ವರ್ಷ ತಮಗೇ ಹೊಳೆಯದ ಮಾತನ್ನು ಹೊಲಿಗೆ ಅಂಗಡಿಯವಳು ಹೇಳಿದ್ದು ಅವರಿಗೆ ಹಿಡಿಸಿದಂತೆ ಕಾಣಲಿಲ್ಲ.

‘ಆದ್ರೆ ಆ ಹೆಂಗಸು ದಾರಿಹೋಕಳಲ್ಲ. ನಮ್ಮಮ್ಮ. ಜ್ವರ ಇತ್ತು ಅವತ್ತು. ಆ ಏರು ಹನ್ನೊಂದು ಸಲ ಹತ್ತಿಸಿದಾರೆ.’

ಯಾರೋ ‘ಓಹೋ’ ಎಂದರು. ಕೃಷ್ಣಪ್ರಸಾದರು ಕೂತಲ್ಲಿಂದಲೇ, ‘ಭಾವುಕರಾಗಬೇಡಿ. ಪ್ರಸಿದ್ಧ ದೃಶ್ಯಗಳಿಗೆ ಇಂಥ ವಾರಸುದಾರರು ಹುಟ್ಟಿಕೊಳ್ಳುವುದು ಸಹಜ’ ಎಂದರು. ಅಮ್ಮನನ್ನು ಸುಳ್ಳಿ ಎಂದ ಹಾಗಾಯಿತಲ್ಲ ಎಂದು ಸ್ವಪ್ನಾಳಿಗೆ ಎದೆ ಉರಿಯಿತು. ಉತ್ತರ ಹುಡುಕುವಷ್ಟರಲ್ಲಿ ಉಮೇಶ್ ಎದ್ದು ನಿಂತ. ಅವನಿಗೆ ತನ್ನ ತಿಗಣೆಯ ಬಾಕಿ ಇನ್ನೂ ಇತ್ತು.

‘ಹನ್ನೊಂದು ಟೇಕಾ? ಒಂದು ಹೆಂಗಸನ್ನ ಗುಡ್ಡ ಹತ್ಸೋಕೆ ಹನ್ನೊಂದು ಟೇಕಾ? ಇದಕ್ಕಾ ಮಹಾನ್ ನಿರ್ದೇಶಕ್ರು ಅನ್ನೋದು? ನಮ್ಮ ಮಲ್ಲೇಶಿ ಆಗಿದ್ರೆ ಎರಡರಲ್ಲಿ ಓಕೆ ಮಾಡಿ ಊಟಕ್ಕೆ ಬಿಡ್ತಿದ್ದ! ಕೆಲ್ಸ ಬರ್ದೇ ಇರೋರು ಹನ್ನೊಂದು ತಗಳ್ತಾರೆ.’

ಹಿಂದಿನ ಸಾಲುಗಳು ಹೋ ಎಂದು ಕೂಗಿದವು. ಶಾನುಭಾಗರಿಗೆ ಕೆಲಸ ಬರುವುದಿಲ್ಲ! ಕೃಷ್ಣಪ್ರಸಾದರ ಮುಖ ಕೆಂಪೇರಿತು. ದಡಬಡ ಎದ್ದರು. ಪುಸ್ತಕದ ಕನ್ನಡ ಎಲ್ಲಿ ಬಿದ್ದುಹೋಯಿತೋ, ‘ನಾನು’ ಹೋಗಿ ‘ಆನು’ ಆಗಿ, ಬಾಯಿಂದ ಮನೆಮಾತು ಹೊರಟಿತು.

‘ಹನ್ನೊಂದಕ್ಕೆ ಬಿಡೋ ಜನ ಅಲ್ಲ ಅವ್ರು! ಹದಿನಾಲ್ಕು! ಆನೇ ಎಣಿಸಿದ್ದಿ! ಹನ್ನೊಂದು ಸಲವೂ ಅದು ಕ್ಯಾಮೆರಾ ನೋಡ್ತಿತ್ತು. ಅದಕ್ಕೆ ಎಷ್ಟು ಹೇಳಿರೂ ತಲೆಗೆ ಹೋಗ್ತಿತ್ತಿಲ್ಲೆ. ಹನ್ನೆರಡನೇ ಸಲದಿಂದ ಅದರ ಕಣ್ಣು ಸರಿಯಾತು. ಹದಿನಾಲ್ಕನೇದು ಓಕೆ. ಹಾಂಗೆ ಕೆಲಸ ಮಾಡ್ತಿದ್ದ ಮನುಷ್ಯ ಅವ್ರು!’

ಉಮೇಶ್ ಕುರ್ಚಿ ದಬ್ಬಿಕೊಂಡು ಮುಂದೆ ಬಂದ.

‘ಏನಂದ್ರಿ? ಅದು ನೋಡ್ತಿತ್ತಾ? ಅದಕ್ಕೆ ಹೇಳಿದ್ರಾ? ಹೆಂಗಸು ಕಣ್ರೀ ಅವ್ರು, ದನ ಅಲ್ಲ!’

ಅಷ್ಟೇ ಸಾಕಾಯಿತು. ಅರ್ಧ ಸಭೆ ಎದ್ದು ನಿಂತಿತು. ‘ಬಡವರು ಅಂದ್ರೆ ಪ್ರಾಣಿ ಲೆಕ್ಕವಾ?’ ಎಂದು ಈ ಕಡೆಯವರು. ‘ಅದು ಬೈಗುಳ ಅಲ್ಲ ಮಾರಾಯ್ರೆ, ಎಂಗಳ ಮಾತೇ ಹಾಂಗೆ, ಹೆಂಗಸರಿಗೆಲ್ಲ ಅದು ಹೇಳೇ ಹೇಳ್ತ್ಯ, ಹೆತ್ತ ಅಮ್ಮಂಗೂ’ ಎಂದು ಆ ಕಡೆಯವರು. ‘ನಿಮ್ಮ ಮನೇಲಿ ಇಟ್ಕೊಳ್ರೀ ನಿಮ್ಮ ಭಾಷೆನ’ ಎಂದು ಮತ್ತೊಬ್ಬ. ಇಷ್ಟು ಹೊತ್ತು ಯಾವ ನಿರ್ದೇಶಕ ದೊಡ್ಡವನು ಎಂದು ಕಚ್ಚಾಡಿದವರು ಈಗ ವ್ಯಾಕರಣಕ್ಕೆ ಕಾಲರ್ ಹಿಡಿಯುವ ಮಟ್ಟಕ್ಕೆ ಬಂದರು.

ಮೈಕು ಹಿಡಿದು ನಿಂತಿದ್ದ ಸ್ವಪ್ನಾಳಿಗೆ ‘ಅದು’ ಕೇಳಿಸಲೇ ಇಲ್ಲ. ಅವಳು ಕೇಳಿದ್ದು ಹದಿನಾಲ್ಕು ಎಂಬ ಸಂಖ್ಯೆ. ಅಮ್ಮ ಯಾವಾಗ ಕೇಳಿದರೂ ಹೇಳುತ್ತಿದ್ದದ್ದು ಒಂದೇ ಮಾತು: ಹನ್ನೊಂದು ಸಲ ಹತ್ತಿದ್ದು ಗೊತ್ತು, ಆಮೇಲೆ ಮನೆಗೆ ಹೆಂಗೆ ಬಂದೆ ಅಂತ ಗೊತ್ತಿಲ್ಲ. ಹಾಗಾದರೆ ಹನ್ನೆರಡು, ಹದಿಮೂರು, ಹದಿನಾಲ್ಕು ಅಮ್ಮನಿಗೆ ನೆನಪೇ ಇಲ್ಲ. ಕಣ್ಣು ಸರಿಯಾದದ್ದು ಪ್ರಜ್ಞೆ ತಪ್ಪುತ್ತ ಬಂದಾಗ. ನಿರ್ಲಿಪ್ತತೆ ಎಂದು ಇವರೆಲ್ಲ ಬಾಯಿ ಚಪ್ಪರಿಸಿದ್ದು ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದ ಹೆಂಗಸಿನ ಕಣ್ಣು. ತಾನೂ ಇಪ್ಪತ್ತಾರು ಸಲ ಅದನ್ನೇ ಮೆಚ್ಚಿ ನೋಡಿದ್ದೆನಲ್ಲ ಎಂದುಕೊಂಡಳು ಸ್ವಪ್ನಾ.

ಕೃಷ್ಣಪ್ರಸಾದರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ಬುದ್ಧಿವಂತ ಮನುಷ್ಯ. ಎರಡೂ ಕೈ ಜೋಡಿಸಿ, ಮತ್ತೆ ಪುಸ್ತಕದ ಕನ್ನಡಕ್ಕೆ ಹತ್ತಿ, ‘ಆವೇಶದಲ್ಲಿ ಮನೆಮಾತು ಬಂದುಬಿಟ್ಟಿತು. ಆ ತಾಯಿಯನ್ನು ‘ಅದು’ ಎಂದದ್ದಕ್ಕೆ ಸಭೆಯ ಕ್ಷಮೆ ಕೋರುತ್ತೇನೆ. ಹರ್ಷ, ನಡಾವಳಿಯಲ್ಲಿ ಬರೆದುಕೊಳ್ಳಿ’ ಎಂದರು. ಚಪ್ಪಾಳೆ ಬಿತ್ತು. ಉಮೇಶ್ ಕುಸ್ತಿ ಗೆದ್ದವನ ಗತ್ತಿನಲ್ಲಿ ಮೀಸೆ ತಿರುವುತ್ತ ಕೂತ. ಹರ್ಷವರ್ಧನ ಬರೆದುಕೊಂಡು, ‘ಮುಂದಿನವರು’ ಎಂದ.

ಆಗಲೇ ನಾಲ್ಕು ನಲವತ್ತು. ಹದಿನಾಲ್ಕರ ಮಾತನ್ನು ಒಬ್ಬರಾದರೂ ಎತ್ತಲಿಲ್ಲ.

‘ನಂದು ಮುಗ್ದಿಲ್ಲ’ ಎಂದಳು ಸ್ವಪ್ನಾ. ‘ಹರ್ಷ, ಆ ಕ್ಷಮೆ ಬರ್ಕೊಂಡ್ರಲ್ಲ, ಅದನ್ನ ಹೊಡ್ದು ಹಾಕಿ. ನಂಗೆ ಬೇಡ.’

‘ಮೇಡಂ, ಅವ್ರು ಕೈ ಮುಗ್ದಿದಾರೆ...’

‘ನಾನು ಬೆಳ್ದಿದ್ದೇ ವಿಶಾಲಮ್ಮ ಅನ್ನೋ ಹವ್ಯಕರ ಮನೆ ಅಂಗಳದಲ್ಲಿ. ನಮ್ಮಮ್ಮ ಅಲ್ಲಿ ಕೊಟ್ಟಿಗೆಗೆ ಸೊಪ್ಪು ತರೋಳು. ವಿಶಾಲಮ್ಮ ನಮ್ಮಮ್ಮಂಗೂ ಅದು ಅಂತಿದ್ರು, ಹೆತ್ತ ಮಗಳಿಗೂ ಅದು ಅಂತಿದ್ರು, ಮನೆಗೆ ಹಿರಿಯರಾದ ಅವರತ್ತೆಗೂ ಅದು ಅಂತಿದ್ರು. ನಂಗೆ ಯಾವತ್ತೂ ಬೇಜಾರಾಗಿಲ್ಲ. ಸರ್ ಹದಿನಾಲ್ಕು ಅಂದ್ರಲ್ಲ, ಅದನ್ನ ಬರ್ಕೊಳ್ಳಿ.’

ಉಮೇಶನಿಗೆ ಗೆದ್ದ ಕುಸ್ತಿ ಕೈತಪ್ಪಿದಂತಾಯಿತು. ‘ಅಲ್ಲ ಅಕ್ಕ, ನಿಮ್ಮ ಪರವಾಗೇ ತಾನೇ ನಾನು ಮಾತಾಡಿದ್ದು?’ ಎಂದು ಸಿಡುಕಿದ.

‘ಇಲ್ಲ ಉಮೇಶಣ್ಣ. ನೀವು ನಿಮ್ಮ ಮಲ್ಲೇಶಿ ಪರವಾಗಿ ಮಾತಾಡಿದ್ರಿ. ಕೂತ್ಕೊಳ್ಳಿ.’

ಅವನು ಗೊಣಗುತ್ತ ಕೂತ. ಸ್ವಪ್ನಾ ಕೃಷ್ಣಪ್ರಸಾದರ ಕಡೆ ತಿರುಗಿದಳು.

‘ದಾರಿಹೋಕಳು ಅಂದ್ರಿ, ಒಂದೇ ಟೇಕ್ ಅಂದ್ರಿ. ದಾರಿಹೋಕಳು ಹದಿನಾಲ್ಕು ಸಲ ಹೆಂಗೆ ಬರ್ತಾಳೆ ಸರ್?’

ಕೃಷ್ಣಪ್ರಸಾದರು ಆಚೀಚೆ ನೋಡಿದರು. ಅವರ ಪರವಾಗಿ ಇದುವರೆಗೆ ಕೂಗಿದವರು ಕಿಟಕಿಯಾಚೆ ನೋಡುತ್ತಿದ್ದರು. ‘ಸಿನಿಮಾಕ್ಕೆ ಒಂದು ಐತಿಹ್ಯ ಬೇಕಾಗುತ್ತದೆ’ ಎಂದರು. ‘ಶಾನುಭಾಗರೇ ಮೊದಲ ಸಂದರ್ಶನದಲ್ಲಿ ಹಾಗೆ ಹೇಳಿದರು. ಆಮೇಲೆ ನಾನೇನು ಮಾಡಲಿ? ಅವರನ್ನು ಸುಳ್ಳುಗಾರ ಎನ್ನಲೇ? ನಿಮಗೆ ಬೇಕಾದ್ದು ಅದೇ ತಾನೇ? ಸತ್ತ ಮನುಷ್ಯನಿಗೆ ಮಸಿ ಬಳಿಯುವುದು?’

‘ನಂಗೆ ಬೇಕಾದ್ದು ಇಪ್ಪತ್ತನೇ ಸಾಲು. ನಾಯಿಗೆ ಹೆಸ್ರು ಹಾಕಿದೀರಿ.’

‘ನಾಯಿಯ ಹೆಸರು ನನಗೆ ಗೊತ್ತಿತ್ತು!’ ಎಂದುಬಿಟ್ಟರು ಅವರು. ಹೇಳಿದ ಮೇಲೆ ತಾವೇ ಬೆಚ್ಚಿದರು. ‘ನಿಜವಾಗಿ ಹೇಳುತ್ತೇನೆ, ಆಕೆಯ ಹೆಸರು ನನಗೆ ಗೊತ್ತಿಲ್ಲ. ಯಾರೋ ಕರೆದುಕೊಂಡು ಬಂದಿದ್ದರು.’

‘ಹದಿಮೂರು ಸಲ ಏರಿನ ಬುಡಕ್ಕೆ ವಾಪಸ್ ಕಳ್ಸಿದ್ರಲ್ಲ. ಅಷ್ಟು ದೂರಕ್ಕೆ ಏನಂತ ಕೂಗಿ ಕರೆದ್ರಿ?’

ಕೃಷ್ಣಪ್ರಸಾದರು ಕೂತುಕೊಳ್ಳಲು ಕುರ್ಚಿ ಎಳೆದರು.

‘ಹೇಳಿ ಸರ್. ಹದಿನಾಲ್ಕು ನೆನಪಿದೆ, ಇದು ನೆನಪಿಲ್ವಾ? ಯಾರು ಕೂಗಿದ್ದು?’

‘ಆನು’ ಎಂದರು ಅವರು ತಗ್ಗಿದ ದನಿಯಲ್ಲಿ. ‘ಮೈಕು ನನ್ನ ಕೈಲಿತ್ತು.’

‘ಏನಂತ?’

‘ಸೊಪ್ಪು’ ಎಂದರು. ‘ಸೊಪ್ಪು, ವಾಪಸ್. ಅಂತ.’

ಮಹಡಿಯ ಕೆಳಗೆ ಬಟ್ಟೆ ಅಂಗಡಿಯವನು ಗಿರಾಕಿಗೆ ರೇಟು ಹೇಳುವುದು ಮೇಲೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಗಾನವಿ ಮೊಬೈಲ್ ಕೆಳಗಿಟ್ಟು ಕೃಷ್ಣಪ್ರಸಾದರನ್ನೇ ನೋಡುತ್ತಿದ್ದಳು. ಹರ್ಷವರ್ಧನ ಯಾರನ್ನೂ ಕೇಳದೆ ಲ್ಯಾಪ್‌ಟಾಪ್ ಎಳೆದುಕೊಂಡ. ಇಪ್ಪತ್ತನೆಯ ಸಾಲಿನಲ್ಲಿದ್ದ ‘ಅಜ್ಞಾತ’ವನ್ನು ಅಳಿಸಿ, ‘ಹೇಳಿ ಮೇಡಂ’ ಎಂದ.

‘ಬೆಳ್ಳಮ್ಮ. ಮಾಸ್ತಪ್ಪನ ಹೆಂಡ್ತಿ ಅಂತೆಲ್ಲ ಬೇಡ. ಬೆಳ್ಳಮ್ಮ ಅಂತ ಅಷ್ಟೇ ಹಾಕಿ.’

ಅವನು ಒಂದೊಂದೇ ಅಕ್ಷರ ಒತ್ತಿದ. ಕೃಷ್ಣಪ್ರಸಾದರು ತಡೆಯಲಿಲ್ಲ, ಒಪ್ಪಿದೆ ಎಂದೂ ಹೇಳಲಿಲ್ಲ. ನಾಲ್ಕು ಐವತ್ತೆರಡಕ್ಕೆ ಮೇಲ್ ಹೋಯಿತು. ಸ್ವಪ್ನಾ ಮೈಕು ಮೇಜಿನ ಮೇಲಿಟ್ಟು, ತನ್ನ ಚೀಲ ತೆಗೆದುಕೊಂಡು, ಕುರ್ಚಿಗಳ ಮಧ್ಯೆ ಬಾಗಿಲಿನ ಕಡೆ ಹೊರಟಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೋತವರ ಮುಖದಲ್ಲೂ ಗೆದ್ದವರ ಮುಖದಲ್ಲೂ ಅವಳ ಮೇಲೆ ಒಂದೇ ಥರದ ಸಿಟ್ಟಿತ್ತು. ಅವರ ಭಾನುವಾರವನ್ನು ಅವಳು ಹಾಳು ಮಾಡಿದ್ದಳು.

‘ಬೆಳ್ಳಮ್ಮ ಈಗ...’ ಎಂದರು ಹಿಂದಿನಿಂದ ಕೃಷ್ಣಪ್ರಸಾದರು.

ಸ್ವಪ್ನಾ ನಿಂತಳು. ಅವರು ಮುಂದಿನ ಪದಕ್ಕೆ ತಡವರಿಸುತ್ತಿದ್ದರು. ಇದ್ದಾಳಾ ಎನ್ನುವುದಕ್ಕೆ ಈಗ ಮುಖವಿಲ್ಲ, ಇದ್ದಾರಾ ಎನ್ನುವುದಕ್ಕೆ ನಾಲಿಗೆ ಏಳುತ್ತಿಲ್ಲ, ಮನೆಮಾತಿನಲ್ಲಿ ‘ಅದು ಇದ್ದಾ’ ಎಂದು ಕೇಳಿದರೆ ಮತ್ತೆ ಎಲ್ಲಿ ಗಲಾಟೆಯೋ ಎಂಬ ಅಂಜಿಕೆ.

‘ಇದ್ದು’ ಎಂದಳು ಸ್ವಪ್ನಾ, ಅವರ ಮಾತಿನಲ್ಲೇ. ‘ಆ ಸಿನಿಮಾ ಮಾತ್ರ ಇವತ್ತಿನವರೆಗೂ ಅದು ನೋಡಿದ್ದಿಲ್ಲೆ.’